ಕತ್ತಾಳೆ ಹಗ್ಗದ ರೈಲು

ಮುಳಬಾಗಿಲಿನಿಂದ ತಾಯಲೂರಿಗೆ ಹೋಗುವ ಬಸ್ಸಿನಿಂದ ನಡುದಾರಿಯಲ್ಲೇ ಇಳಿದು, ಕೆರೆ ಏರಿಯ ಮೇಲೆ ಅರ್ಧ ಗಂಟೆ ನಡೆದರೆ ಸಿಗುವ ಊರು ಅದು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚೆ ನನ್ನನ್ನು ಅಲ್ಲಿಯ ಪ್ರೈಮರಿ ಸ್ಕೂಲಿಗೆ ಹಾಕಿದರು. ಅದು ನನ್ನ ಮೊದಲ ಕೆಲಸ. ವಯಸ್ಸು ಇನ್ನೂ ಇಪ್ಪತ್ತಾಗಿರಲಿಲ್ಲ.

ನಮ್ಮದು ಮಾಲೂರು. ಅಪ್ಪ ಅಲ್ಲಿಯ ರೈಲ್ವೆ ಸ್ಟೇಷನ್ನಿನಲ್ಲಿ ಗುಮಾಸ್ತರಾಗಿದ್ದರು. ನನಗೆ ಹನ್ನೆರಡು ತುಂಬುವುದರೊಳಗೆ ಮದುವೆಯಾಗಿತ್ತು. ಅತ್ತೆಮನೆಗೆ ಹೋಗುವ ಮೊದಲೇ ಆ ಹುಡುಗ ವಿಷಮಶೀತ ಜ್ವರದಲ್ಲಿ ತೀರಿಕೊಂಡ. ನೆಂಟರು ನನ್ನ ತಲೆಗೂದಲಿನ ವಿಷಯ ಎತ್ತಿದಾಗ ಅಪ್ಪ, "ಅವಳು ಓದ್ತಾಳೆ" ಎಂದಷ್ಟೇ ಹೇಳಿ ಎದ್ದುಹೋದರು. ಹಾಗೆ ಓದಿ, ಮೈಸೂರಿನಲ್ಲಿ ಟ್ರೈನಿಂಗ್ ಮುಗಿಸಿ, ಒಂದು ಟ್ರಂಕು ಮತ್ತು ಹಾಸಿಗೆ ಸುರುಳಿ ಹೊರಿಸಿಕೊಂಡು ನಾನು ಆ ಊರಿಗೆ ಬಂದೆ.

ಇರುವುದಕ್ಕೆ ಶಾನುಭೋಗರ ಮನೆಯ ಹಿತ್ತಿಲ ಕೋಣೆ ಸಿಕ್ಕಿತು. ಆ ಮನೆಯಲ್ಲಿ ಯಜಮಾನಿಕೆಯೆಲ್ಲ ಶಾನುಭೋಗರ ತಾಯಿಯದು. ನಾನು ಅವರನ್ನು ಅಜ್ಜಿ ಎನ್ನುತ್ತಿದ್ದೆ. ತಲೆ ಬೋಳಿಸಿ, ಮಡಿ ಸೀರೆಯ ಸೆರಗನ್ನು ಹಣೆಯ ತನಕ ಎಳೆದುಕೊಂಡಿದ್ದ ಸಣ್ಣ ಜೀವ. ಮೊದಲ ದಿನ ನನ್ನ ಜಡೆಯನ್ನು ಸ್ವಲ್ಪ ಹೊತ್ತು ನೋಡಿದರು. ಏನಾದರೂ ಅಂದೇಬಿಡುತ್ತಾರೆ ಎಂದು ನಾನು ಕಾದೆ. ಅವರು ಅಂದದ್ದು ಬೇರೆ.

"ನೋಡಮ್ಮ, ಸ್ಕೂಲಲ್ಲಿ ನೀನು ಯಾರನ್ನಾದ್ರೂ ಮುಟ್ಟಿಕೋ, ಅದು ನಿನ್ನ ಕೆಲಸ. ಸಂಜೆ ಬಂದ ತಕ್ಷಣ ಬಾವಿ ಹತ್ರ ಎರಡು ಕೊಡ ನೀರು ಹುಯ್ಕೊಂಡು, ಸೀರೆ ಬದಲಾಯಿಸಿ, ಆಮೇಲೆ ಒಳಗೆ ಕಾಲಿಡು."

ನಾನು ಒಪ್ಪಿಕೊಂಡೆ. ಚಳಿಗಾಲದಲ್ಲಿ ಕಷ್ಟವಾಗುತ್ತಿತ್ತು. ಆದರೆ ಊಟ ಬಿಸಿಯಾಗಿರುತ್ತಿತ್ತು, ಅಜ್ಜಿ ಕೂತು ಬಡಿಸುತ್ತಿದ್ದರು.

ಸ್ಕೂಲೆಂದರೆ ಒಂದು ಉದ್ದನೆಯ ಹಾಲು, ಮುಂದೆ ಜಗಲಿ, ಅಂಗಳದಲ್ಲಿ ಒಂದು ಹೊಂಗೆಮರ. ದೊಡ್ಡ ತರಗತಿಗಳೆಲ್ಲ ಹಾಲಿನಲ್ಲಿ ಹೆಡ್ ಮೇಷ್ಟರ ಕೈಕೆಳಗೆ. ಇನ್ನೇನು ಪೆನ್ಷನ್ ತೆಗೆದುಕೊಳ್ಳಲಿದ್ದ, ನಶ್ಯ ಏರಿಸುತ್ತಿದ್ದ ಸಾಧು ಮನುಷ್ಯ. ಐದಾರು ವರ್ಷದ ಚಿಕ್ಕ ಮಕ್ಕಳನ್ನು ನನಗೆ ಒಪ್ಪಿಸಿ, "ಜಗಲೀನೂ ನಿಮ್ಮದು, ಮರದಡೀನೂ ನಿಮ್ಮದು. ಸದ್ದು ಮಾತ್ರ ಒಳಗೆ ಬರಬಾರದು" ಎಂದರು.

ಸದ್ದಿನ ತೊಂದರೆಯೇ ಇರಲಿಲ್ಲ. ಮಕ್ಕಳು ಬಾಯಿಯೇ ಬಿಡುತ್ತಿರಲಿಲ್ಲ. ಹಿಂದಿನ ಮೇಷ್ಟರು ಅವರನ್ನು ಸಾಲಾಗಿ ಕೂರಿಸಿ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರಂತೆ. ನಾನೂ ಹಾಗೇ ಮುಂದುವರಿಸಿದೆ. ಒಂದು ದಿನ ಚಿತ್ರ ತೋರಿಸಿ, "ಇದೇನು?" ಎಂದು ಕೇಳಿದೆ. ಚಿತ್ರದಲ್ಲಿದ್ದದ್ದು ಬೆಕ್ಕು, 'ಬ' ಅಕ್ಷರದ ಪಾಠ. ಮುಕ್ಕಾಲು ಮಕ್ಕಳು "ಪಿಲ್ಲಿ" ಎಂದವು. ಬಳೆಗಾರ ಸಾಹೇಬರ ಮಗ "ಬಿಲ್ಲಿ" ಎಂದ. ಬೆಕ್ಕು ಎಂದದ್ದು ಮೂರೋ ನಾಲ್ಕೋ ಮಕ್ಕಳು, ಅದೂ ಪಿಸುಮಾತಿನಲ್ಲಿ. ಆಗ ನನಗೆ ತಿಳಿಯಿತು: ಈ ಮಕ್ಕಳ ಮನೆಮಾತು ತೆಲುಗು, ಪುಸ್ತಕ ಕನ್ನಡ. ಇಷ್ಟು ದಿನ ನಾನು ಬರೆದದ್ದರ ಮೇಲೆ ತಿದ್ದುತ್ತಿದ್ದರೇ ಹೊರತು ಅರ್ಧಕ್ಕರ್ಧ ಮಕ್ಕಳಿಗೆ ಏನು ತಿದ್ದುತ್ತಿದ್ದೇವೆಂಬುದೇ ಗೊತ್ತಿರಲಿಲ್ಲ. ನನ್ನನ್ನೂ ಅವರು ಟೀಚರ್ ಎನ್ನುತ್ತಿರಲಿಲ್ಲ, ಪಂತುಲಮ್ಮ ಎನ್ನುತ್ತಿದ್ದರು.

ಟ್ರೈನಿಂಗಿನಲ್ಲಿ ನಮಗೆ ಹೇಳಿಕೊಟ್ಟದ್ದು ಬೇರೆಯೇ. ಚಿಕ್ಕ ಮಕ್ಕಳನ್ನು ಸಾಲಿನಲ್ಲಿ ಕೂರಿಸಬೇಡಿ, ಗುಂಪು ಮಾಡಿ, ಕೈಗೆ ಏನಾದರೂ ಕೆಲಸ ಕೊಡಿ, ಒಬ್ಬರಿಂದ ಒಬ್ಬರು ಕಲಿಯುತ್ತಾರೆ ಎಂದು. ಅಲ್ಲಿ ಬಣ್ಣದ ಮರದ ತುಂಡುಗಳು, ಮಣಿಗಳು ಇದ್ದವು. ಇಲ್ಲಿ ಏನಿದೆ ಎಂದು ನೋಡಿದೆ. ಹುಣಸೆಬೀಜ, ಹೊಂಗೆ ಕಾಯಿ, ಕೆರೆಯ ಜೇಡಿಮಣ್ಣು, ಇದ್ದಿಲು, ಒಡೆದ ಹೆಂಚು. ಸಾಕಷ್ಟಿತ್ತು.

ಮಕ್ಕಳನ್ನು ನಾಲ್ಕು 'ಮನೆ' ಮಾಡಿದೆ: ಹುಣಸೆ ಮನೆ, ಹೊಂಗೆ ಮನೆ, ಬೇವಿನ ಮನೆ, ಮಾವಿನ ಮನೆ. ಪ್ರತಿ ಮನೆಯಲ್ಲೂ ಕನ್ನಡ ಬರುವ ಒಂದು ಮಗುವಾದರೂ ಇರುವಂತೆ ನೋಡಿಕೊಂಡೆ. ಕೆಲಸ ಕೊಟ್ಟರೆ ಮನೆಗೇ ಕೊಡುವುದು. ಉತ್ತರ ಹೇಳಿದರೆ ಇಡೀ ಮನೆ ಸೇರಿ ಹೇಳಬೇಕು. ಬೆಕ್ಕಿನ ಪಾಠವನ್ನು ಮತ್ತೆ ಮಾಡಿಸಿದೆ. ಎಲ್ಲರೂ ಮಣ್ಣಿನಲ್ಲಿ ಬೆಕ್ಕು ಮಾಡಿದರು. ಅದರ ಕೆಳಗೆ ಬೆಕ್ಕು, ಪಿಲ್ಲಿ, ಬಿಲ್ಲಿ, ಮೂರನ್ನೂ ಹೆಂಚಿನ ಮೇಲೆ ಇದ್ದಿಲಿನಿಂದ ಬರೆದಿಟ್ಟೆ. ಆ ದಿನ ಮೊದಲ ಸಲ ಸದ್ದು ಹಾಲಿನೊಳಕ್ಕೆ ಹೋಯಿತು. ಹೆಡ್ ಮೇಷ್ಟರು ಬಾಗಿಲಿಗೆ ಬಂದು ನೋಡಿ, ನಶ್ಯದ ಡಬ್ಬಿ ತೆಗೆದು, ಒಂದು ಚಿಟಿಕೆ ಏರಿಸಿ ಒಳಗೆ ಹೋದರು.

ಇಲ್ಲಿ ಇಬ್ಬರು ಮಕ್ಕಳ ವಿಷಯ ಹೇಳಬೇಕು. ಇಬ್ಬರೂ ಹುಣಸೆ ಮನೆಯವರು.

ಒಬ್ಬ ಶಾನುಭೋಗರ ಮಗ, ಅಜ್ಜಿಯ ಮೊಮ್ಮಗ. ಕನ್ನಡ ಚೆನ್ನಾಗಿ ಬರುತ್ತಿತ್ತು, ಆದರೆ ಬಾಯಿಂದ ಹೊರಗೆ ಬರುತ್ತಿರಲಿಲ್ಲ. ಕೇಳಿದರೆ ಅಂಗಿಯ ಗುಂಡಿ ತಿರುವುತ್ತ ನಿಲ್ಲುತ್ತಿದ್ದ. ಇನ್ನೊಬ್ಬಳು ಊರಾಚೆಯ ಕೇರಿಯಿಂದ ಬರುತ್ತಿದ್ದ ಹುಡುಗಿ. ಅವಳಿಗೆ ಕನ್ನಡದ ನಾಲ್ಕು ಮಾತೂ ಬರುತ್ತಿರಲಿಲ್ಲ, ಆದರೆ ತೆಲುಗಿನಲ್ಲಿ ಬೆಳಗಿನಿಂದ ಸಂಜೆಯ ತನಕ ಮಾತೇ ಮಾತು. ಅವಳ ಅಪ್ಪ ಕತ್ತಾಳೆಯನ್ನು ಕುಂಟೆಯ ನೀರಿನಲ್ಲಿ ಕೊಳೆಹಾಕಿ, ನಾರು ತೆಗೆದು ಹಗ್ಗ ಹೊಸೆಯುವವನು. ಆ ಕೇರಿಯ ಮೂರು ನಾಲ್ಕು ಮಕ್ಕಳನ್ನು ಹಿಂದಿನ ಮೇಷ್ಟರು ಜಗಲಿಯ ತುದಿಯಲ್ಲಿ ಬೇರೆಯಾಗಿ ಕೂರಿಸುತ್ತಿದ್ದರು. ನಾನು ಮನೆ ಮಾಡಿದಾಗ ಅವರನ್ನೂ ಒಂದೊಂದು ಮನೆಗೆ ಹಂಚಿದೆ. ಅದಕ್ಕೆ ಯಾರನ್ನೂ ಕೇಳಲಿಲ್ಲ. ಕೇಳಿದರೆ ಬೇಡವೆನ್ನುತ್ತಾರೆಂದು ಗೊತ್ತಿತ್ತು.

ಹುಣಸೆ ಮನೆಯಲ್ಲಿ ಏನಾಗುತ್ತಿತ್ತೆಂದರೆ, ಆ ಹುಡುಗಿ ಕೈಗೆ ಸಿಕ್ಕಿದ್ದನ್ನು ಎತ್ತಿ ಹಿಡಿದು, "ಇದೇಂದಿ? ಇದೇಂದಿ?" ಎಂದು ಅವನ ಮುಖಕ್ಕೇ ಹಿಡಿಯುತ್ತಿದ್ದಳು. ಅವನು ಹೇಳುವ ತನಕ ಬಿಡುತ್ತಿರಲಿಲ್ಲ. ನಾನು ಎರಡು ತಿಂಗಳು ಕೇಳಿ ಬಾಯಿ ಬಿಡಿಸಲಾಗದವನ ಬಾಯನ್ನು ಅವಳು ವಾರದಲ್ಲಿ ಬಿಡಿಸಿದಳು.

ತೊಂದರೆ ಬಂದದ್ದು ಕೈ ಹಿಡಿಯುವುದರಿಂದ. ಸ್ಕೂಲು ಬಿಡುವ ಮೊದಲು ಮಕ್ಕಳನ್ನೆಲ್ಲ ಮರದ ಸುತ್ತ ವರ್ತುಲವಾಗಿ ನಿಲ್ಲಿಸಿ, ಕೈ ಕೈ ಹಿಡಿಸಿ, ಎಣಿಕೆಯ ಪದ ಹೇಳಿಸುತ್ತ ಸುತ್ತಿಸುತ್ತಿದ್ದೆ. ಒಂದು ರಾತ್ರಿ ಊಟಕ್ಕೆ ಕೂತಾಗ ಹುಡುಗ ತಾನಾಗಿಯೇ ಅಜ್ಜಿಗೆ ಆ ಪದ ಹೇಳಿ ತೋರಿಸಿದ. ಹೇಳುತ್ತ ಎಡಗೈ ಬಲಗೈ ಚಾಚಿ, "ಈ ಕೈ ಬಳೆ ಸಾಬರ ಮಗ ಹಿಡ್ಕೋತಾನೆ, ಈ ಕೈ ಅವಳು ಹಿಡ್ಕೋತಾಳೆ" ಎಂದ.

"ಅವಳು ಅಂದ್ರೆ ಯಾರೋ?"

"ಹಗ್ಗ ಹೊಸೆಯೋನ ಮಗಳು."

ಅಜ್ಜಿ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿಟ್ಟು ನನ್ನ ಕಡೆ ತಿರುಗಿದರು. ಸಿಟ್ಟೇನೂ ಮಾಡಲಿಲ್ಲ. "ನೀನು ದೊಡ್ಡೋಳು, ದಿನಾ ನೀರು ಹುಯ್ಕೋತೀಯ. ಈ ಮಗೂಗೆ ಈ ಚಳೀಲಿ ದಿನಾ ಸಂಜೆ ಹೊತ್ತು ತಲೆ ಮೇಲೆ ನೀರು ಹುಯ್ಯೋಕಾಗುತ್ತೇನೇ? ಜ್ವರ ಬಂದ್ರೆ ಯಾರು ನೋಡ್ತಾರೆ? ಬೇಡ ಕಣೇ. ಅವನು ಮನೇಲೇ ಇರಲಿ" ಎಂದರು. ನಾನು ಏನೋ ಹೇಳಲು ಹೋದೆ. ಶಾನುಭೋಗರು ಎಲೆಯಿಂದ ತಲೆ ಎತ್ತಲಿಲ್ಲ. ಅಜ್ಜಿ ನನಗೆ ಇನ್ನೊಂದು ಸೌಟು ಹುಳಿ ಬಡಿಸಿದರು.

ಶಾನುಭೋಗರ ಮನೆಯ ಮಗು ಬರುವುದಿಲ್ಲ ಎಂದ ಮೇಲೆ ಗೌಡರ ಮನೆಯ ಮಕ್ಕಳೂ ನಿಂತರು. ಅವರನ್ನು ನೋಡಿ ಇನ್ನೂ ಕೆಲವರು. ನಾಲ್ಕು ಮನೆಗಳಲ್ಲಿ ಅರ್ಧ ಮಕ್ಕಳು ಉಳಿಯಲಿಲ್ಲ. ಹುಣಸೆ ಮನೆಯಲ್ಲಂತೂ ಕನ್ನಡ ಬಲ್ಲವರೇ ಇಲ್ಲವಾಗಿ, ಆ ಹುಡುಗಿ ಎತ್ತಿ ಹಿಡಿದ ವಸ್ತುವಿಗೆ ಹೆಸರು ಹೇಳುವವರಿರಲಿಲ್ಲ.

ಹೆಡ್ ಮೇಷ್ಟರು ನನ್ನನ್ನು ಕರೆದರು. "ಅಮ್ಮಾ, ನೀವು ಕಲಿಸೋದನ್ನ ನಾನು ತಪ್ಪು ಅನ್ನಲ್ಲ. ಆದರೆ ಮಕ್ಕಳಿಲ್ಲ ಅಂದ್ರೆ ಸ್ಕೂಲನ್ನೇ ಮುಚ್ಚಿಬಿಡ್ತಾರೆ. ಕೇರಿ ಮಕ್ಕಳನ್ನ ಮೊದಲಿದ್ದ ಹಾಗೆ ಜಗಲಿ ಕೊನೇಲಿ ಕೂರಿಸಿ, ಎಲ್ಲಾ ಸರಿಹೋಗುತ್ತೆ."

"ಎಲ್ಲರನ್ನೂ ಒಂದೇ ಥರ ಸೇರಿಸ್ಕೋಬೇಕು ಅಂತ ಸರ್ಕಾರದ ಹುಕುಂ ಇದೆಯಲ್ಲ ಮೇಷ್ಟ್ರೇ?"

"ಹುಕುಂ ಬೆಂಗಳೂರಲ್ಲಿದೆ. ನಾವಿಬ್ಬರು ಇಲ್ಲಿದ್ದೀವಿ" ಎಂದರು ಅವರು, ನೊಂದುಕೊಂಡೇ.

ನಾನು ಜಗಲಿಯ ತುದಿಗೆ ಯಾರನ್ನೂ ಕಳಿಸಲಿಲ್ಲ. ಆದರೆ ಏನು ಮಾಡಬೇಕೆಂದೂ ತಿಳಿಯಲಿಲ್ಲ. ಆ ಭಾನುವಾರ ಕೋಣೆಯ ಮುಂದೆ ಬಟ್ಟೆ ಒಣಹಾಕುತ್ತಿದ್ದೆ. ಹುಡುಗ ಒಬ್ಬನೇ ಹಿತ್ತಿಲಲ್ಲಿ ಹುಣಸೆಬೀಜ ಜೋಡಿಸಿಕೊಂಡು ಕೂತಿದ್ದ. ನನ್ನನ್ನು ಕಂಡು, "ಪಂತುಲಮ್ಮಾ, ನಿಮ್ಮೂರಲ್ಲಿ ರೈಲು ಐತಂತೆ, ಹೌದಾ? ಹೆಂಗಿರುತ್ತೆ?" ಎಂದು ಕೇಳಿದ. ಸ್ಕೂಲಿನಲ್ಲಿ ಉಳಿದ ಮಕ್ಕಳ ಜೊತೆ ಆಡಿ ಅವನ ಮಾತೂ ಹಾಗಾಗಿತ್ತು. ಮುಳಬಾಗಿಲಿಗೆ ರೈಲು ಇರಲಿಲ್ಲ. ಆ ಊರಿನ ಮಕ್ಕಳು ಯಾರೂ ರೈಲು ಕಂಡವರಲ್ಲ. ಹೇಳುವುದಕ್ಕಿಂತ ತೋರಿಸುವುದು ಸುಲಭವೆಂದು ಬಟ್ಟೆ ಒಣಹಾಕುವ ಹಗ್ಗವನ್ನು ಬಿಚ್ಚಿ, ಎರಡು ತುದಿಯನ್ನೂ ಗಂಟು ಹಾಕಿ, ಅದರೊಳಗೆ ಮುಂದೆ ಅವನನ್ನು ನಿಲ್ಲಿಸಿ, ಹಿಂದೆ ನಾನು ನಿಂತು ಬಾವಿಯ ಸುತ್ತ ಕೂಗುತ್ತ ಓಡಿದೆವು. ಎರಡು ಸುತ್ತು ಬರುವಷ್ಟರಲ್ಲಿ ನನಗೆ ಹೊಳೆಯಿತು. ಈ ಆಟದಲ್ಲಿ ಯಾರೂ ಯಾರ ಕೈಯನ್ನೂ ಹಿಡಿಯಬೇಕಾಗಿಲ್ಲ. ಎಲ್ಲರೂ ಹಗ್ಗ ಹಿಡಿದರಾಯಿತು.

ಅಜ್ಜಿ ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಅಲ್ಲೇ ಕೇಳಿಬಿಟ್ಟೆ: "ಅಜ್ಜಿ, ಕೈ ಬೇಡ. ಎಲ್ಲಾ ಮಕ್ಕಳೂ ಹೀಗೆ ಹಗ್ಗ ಹಿಡ್ಕೊಂಡ್ರೆ?"

ಅಜ್ಜಿ ಬಂದು ಹಗ್ಗವನ್ನು ಹತ್ತಿರದಿಂದ ನೋಡಿದರು. "ನೂಲಿಂದಾ? ನೂಲಿಂದಾದ್ರೆ ಆಗಲ್ಲ."

"ಕತ್ತಾಳೇದು."

"ಹಾಗಾದ್ರೆ ನಾರು." ಸ್ವಲ್ಪ ಯೋಚಿಸಿದರು. "ನಾರುಮಡಿ ಸೀರೆಗೇ ಮೈಲಿಗೆ ತಟ್ಟಲ್ಲ ಅಂತಾರೆ. ಬಾವಿ ಹಗ್ಗಾನೂ ಆ ಹುಡುಗಿ ಅಪ್ಪ ಹೊಸೆದದ್ದೇ, ನೀರಲ್ಲಿ ತೋಯಿಸಿ ನಾವು ಉಪಯೋಗಿಸಲ್ವಾ? ಹಗ್ಗ ಆದ್ರೆ ಆಗಲಿ."

ಹೀಗೆ ಹುಡುಗ ವಾಪಸು ಬಂದ. ಅವನು ಬಂದದ್ದಕ್ಕಿಂತ ಹೆಚ್ಚಾಗಿ ರೈಲಿನ ಸುದ್ದಿಯೇ ಉಳಿದ ಮಕ್ಕಳನ್ನು ಎಳೆದು ತಂದಿತು. ಮನೆಯವರು ಬೇಡವೆಂದರೂ ತಡೆಯಲಾಗಲಿಲ್ಲ. ಹಗ್ಗ ಹೊಸೆಯುವವನು ಮಗಳ ಕೈಯಲ್ಲಿ ಉದ್ದನೆಯ ಹೊಸ ಹಗ್ಗವೊಂದನ್ನು ಕಳಿಸಿದ. ನಾಲ್ಕು ಮನೆಗಳು ನಾಲ್ಕು ಸ್ಟೇಷನ್ನುಗಳಾದವು: ಮುಳಬಾಗಿಲು, ಕೋಲಾರ, ಶ್ರೀನಿವಾಸಪುರ, ಮಾಲೂರು. ಮುಳಬಾಗಿಲಿಗೆ ನಾವೇ ರೈಲು ಹಾಕಿಸಿಕೊಂಡೆವು. ಹೊಂಗೆ ಎಲೆಯೇ ಟಿಕೆಟ್. ಸ್ಟೇಷನ್ನಿನ ಹೆಸರನ್ನು ಆಯಾ ಮನೆಯವರೇ ಹೆಂಚಿನ ಮೇಲೆ ಬರೆಯಬೇಕು. ಇನ್ನೊಂದು ಮನೆಯವರು ಓದಿದರೆ ಮಾತ್ರ ರೈಲು ಅಲ್ಲಿ ನಿಲ್ಲುತ್ತದೆ. ಎಷ್ಟು ಜನ ಇಳಿದರು, ಎಷ್ಟು ಜನ ಹತ್ತಿದರು ಎಂದು ಗಾರ್ಡು ಹೇಳಬೇಕು. ಕೂಡುವುದು ಕಳೆಯುವುದು ಎಂಬ ಮಾತನ್ನು ನಾನು ಎತ್ತುವ ಮೊದಲೇ ಅವರಿಗೆ ಎರಡೂ ಬಂದುಬಿಟ್ಟಿತ್ತು.

ಒಂದು ಸಂಜೆ ಆ ಹುಡುಗಿಯ ಅಪ್ಪ ಅಂಗಳದಾಚೆ ಬಂದು ನಿಂತ. "ಅಮ್ಮೋರೇ, ನಮ್ಮುಡ್ಗಿ ಮೊದ್ಲು ಕೈ ಹಿಡ್ಕೊಂಡು ಆಡ್ತೀವಿ ಅಂತಿದ್ಲು. ಈವಾಗ ಹಗ್ಗ ಅಂತಾಳೆ" ಎಂದ.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೈ ಹಿಡಿಸಿದರೆ ಅರ್ಧ ಮಕ್ಕಳು ಬರುವುದಿಲ್ಲ, ಅವಳಿಗೆ ಕನ್ನಡ ಹೇಳಿಕೊಡುವವನೂ ಬರುವುದಿಲ್ಲ ಎಂದೆ. ಅವನು ಕೇಳಿಸಿಕೊಂಡು, "ಜಗಲಿ ಕೊನೇಗೆ ಮಾತ್ರ ಕಳಿಸ್ಬೇಡಿ" ಎಂದು ಹೇಳಿ ಹೋದ.

ಬೇಸಿಗೆ ಬಂತು. ಸ್ಕೂಲು ಬೆಳಗಿನ ಹೊತ್ತು ಮಾತ್ರ. ಹುಣಸೆ ಮನೆಯವರದು ಮಾಲೂರು ಸ್ಟೇಷನ್. ಸ್ಟೇಷನ್ನಿನಲ್ಲಿ ಏನೇನಿರುತ್ತದೆ ಎಂದು ಕೇಳಿದಾಗ ನೀರು ಕೊಡುವವನ ವಿಷಯ ಹೇಳಿದ್ದೆ. ನಿಜವಾದ ಮಾಲೂರಿನಲ್ಲಿ ಹಿಂದೂಗಳಿಗೆ ಒಂದು, ಮುಸಲ್ಮಾನರಿಗೆ ಒಂದು ಎಂದು ಬೇರೆ ಬೇರೆ ನೀರಿನ ಪಾತ್ರೆ ಇಟ್ಟಿರುತ್ತಿದ್ದರು. ಅದನ್ನು ಮಕ್ಕಳಿಗೆ ಹೇಳಲಿಲ್ಲ. ಕೇರಿಯ ಹುಡುಗಿ ತಾನೇ ನೀರಮ್ಮ ಆಗುತ್ತೇನೆಂದು ಹಟ ಹಿಡಿದಳು. ಖಾಲಿ ಕರಟ ಹಿಡಿದುಕೊಂಡು, "ನೀಳ್ಳು ನೀಳ್ಳು!" ಎಂದು ಕೂಗುತ್ತ ಬರುತ್ತಿದ್ದಳು.

"ನೀರು ಅನ್ನಬೇಕು" ಎಂದು ಹುಡುಗ ತಿದ್ದಿದ.

"ಸರೇ. ನೀರು ನೀಳ್ಳು! ನೀರು ನೀಳ್ಳು!"

ಮಕ್ಕಳೆಲ್ಲ ಖಾಲಿ ಕರಟಕ್ಕೆ ಬಾಯಿ ಹಚ್ಚಿ ಕುಡಿದಂತೆ ಮಾಡಿ, ಸೆಖೆಯಲ್ಲಿ ಇನ್ನಷ್ಟು ಬಾಯಾರಿಸಿಕೊಳ್ಳುತ್ತಿದ್ದವು. ಒಂದು ದಿನ ಹುಡುಗ ಮನೆಯಿಂದ ಚೊಂಬಿನ ತುಂಬ ನೀರು ತಂದಿದ್ದ. ನಾನು ಕೋಲಾರ ಸ್ಟೇಷನ್ನಿನವರಿಗೆ ಹೆಂಚು ಹಿಡಿದು ಕೂತಿದ್ದೆ. ತಲೆ ಎತ್ತಿ ನೋಡುವಾಗ ಆ ಹುಡುಗಿ ಚೊಂಬಿನಿಂದ ಕರಟಕ್ಕೆ ಬಗ್ಗಿಸಿ ಬಗ್ಗಿಸಿ ಕೊಡುತ್ತಿದ್ದಳು. ಗೌಡರ ಮನೆಯವರು, ಬಳೆಗಾರರ ಮಗ, ಶಾನುಭೋಗರ ಹುಡುಗ, ಎಲ್ಲರೂ ಗಟಗಟನೆ ಕುಡಿಯುತ್ತಿದ್ದರು. ನಿಲ್ಲಿಸಿ ಎನ್ನಬಹುದಾಗಿತ್ತು. ಅನ್ನಲಿಲ್ಲ. ಬಿಸಿಲು ಜೋರಾಗಿತ್ತು, ಮಕ್ಕಳಿಗೆ ನಿಜವಾಗಿಯೂ ಬಾಯಾರಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಹುಡುಗ ಇದನ್ನೂ ಖುಷಿಯಿಂದ ಹೇಳಿದ.

"ನೀರು ಯಾವ ಬಾವೀದೋ?" ಎಂದರು ಅಜ್ಜಿ.

"ನಮ್ಮ ಬಾವೀದೇ. ನಾನೇ ತಗೊಂಡೋಗಿದ್ದೆ."

"ಕೊಟ್ಟಿದ್ದು?"

"ಅವಳೇ ನೀರಮ್ಮ, ಇನ್ಯಾರು ಕೊಡ್ತಾರೆ?"

ಅಜ್ಜಿ ನನ್ನನ್ನು ಕೇಳಿದರು: "ನೀನು ನೋಡ್ತಿದ್ದೆಯಾ?"

"ನೋಡ್ತಿದ್ದೆ ಅಜ್ಜಿ."

"ನೋಡಿಯೂ ಸುಮ್ನಿದ್ದೆ."

"ಹೌದು."

"ಹಾಗಾದ್ರೆ ನೀನು ಬೇರೆ ಕಡೆ ಮನೆ ನೋಡ್ಕೋ ಕಣಮ್ಮ" ಎಂದರು. ಅವರ ದನಿ ಏರಲಿಲ್ಲ. ಹುಡುಗನಿಗೆ ಏನಾಯಿತೆಂದೇ ತಿಳಿಯದೆ ಅಳತೊಡಗಿದ.

ಅದೇ ಸಂಜೆ ಟ್ರಂಕು ಎತ್ತಿಸಿಕೊಂಡು ಹೊರಟೆ. ಮಾರನೆಯ ದಿನದಿಂದ ಹುಡುಗನನ್ನೂ ಸ್ಕೂಲಿಗೆ ಕಳಿಸಲಿಲ್ಲ. ಹೆಡ್ ಮೇಷ್ಟರು ಸ್ಕೂಲಿನ ಹಿಂದೆ ಭೂಪಟ, ಮುರಿದ ಬೆಂಚು ತುಂಬಿದ್ದ ಕೋಣೆಯನ್ನು ಗುಡಿಸಿಕೊಟ್ಟರು. ಅವರ ಹೆಂಡತಿ ಎರಡು ಹೊತ್ತು ಊಟ ಕಳಿಸಿದರು. ಗೌಡರ ಮನೆಯಿಂದ ಆಕ್ಷೇಪಣೆ ಬಂದಾಗ ಹೆಡ್ ಮೇಷ್ಟರೇ ಹೋಗಿ, ಹುಡುಗಾಟದಲ್ಲಿ ಆದದ್ದು, ಇನ್ನು ನೀರಿನ ಆಟ ಆಡಿಸುವುದಿಲ್ಲ ಎಂದು ಹೇಳಿ ಬಂದರು. ಹಗ್ಗ ಹೊಸೆಯುವವನು ಮತ್ತೆ ಅಂಗಳದಾಚೆ ಬಂದು ನಿಂತ. ಈ ಸಲ ಅವನ ಮುಖದಲ್ಲಿ ಭಯವಿತ್ತು.

"ಅಮ್ಮೋರೇ, ನೀರು ಕೊಟ್ಟಿದ್ದಕ್ಕೆ ನಮ್ಮುಡ್ಗೀಗೆ ಏನೂ ಮಾಡಲ್ವಲ್ಲ?"

"ಯಾರೂ ಏನೂ ಮಾಡಲ್ಲ. ಕೊಡೋಕೆ ಬಿಟ್ಟಿದ್ದು ನಾನು. ಕೇಳೋದಿದ್ರೆ ನನ್ನನ್ನ ಕೇಳ್ತಾರೆ" ಎಂದೆ. ಹೇಳುವಾಗ ಅಷ್ಟು ಧೈರ್ಯ ನನಗೂ ಇರಲಿಲ್ಲ.

ಇನ್ನು ನೀರು ಕೊಡುವ ಹಾಗಿಲ್ಲ ಎಂದು ಆ ಹುಡುಗಿಗೆ ಹೇಳಿದಾಗ ಅವಳು "ಯಾಕೆ?" ಎಂದಳು. ನಾನು ಅವಳ ಕೈಯಿಂದ ಖಾಲಿ ಕರಟವನ್ನು ತೆಗೆದುಕೊಂಡೆ. "ಹಾಗಾದ್ರೆ ನಾನು ಡ್ರೈವರು" ಎಂದು ಅವಳೇ ತೀರ್ಮಾನ ಮಾಡಿ ಹಗ್ಗದ ಮುಂದೆ ಹೋಗಿ ನಿಂತಳು.

ಕೆಲವು ದಿನ ಕಳೆದ ಮೇಲೆ, ಆಟ ನಡೆಯುತ್ತಿರುವಾಗಲೇ ಹುಡುಗ ಏದುಸಿರು ಬಿಡುತ್ತ ಓಡಿ ಬಂದು ಹಗ್ಗದೊಳಗೆ ನುಗ್ಗಿದ. ಹಿತ್ತಿಲ ಗೋಡೆ ಹಾರಿ ಬಂದಿದ್ದನಂತೆ, ಮೊಣಕಾಲು ತರಚಿತ್ತು. ಅವನ ಹಿಂದೆಯೇ ಅಜ್ಜಿ. ಮನೆಯಿಂದ ಸ್ಕೂಲಿನ ತನಕ ಅವರು ನಡೆದು ಬಂದದ್ದನ್ನು ನಾನು ಅದೊಂದೇ ಸಲ ಕಂಡದ್ದು. ಬರಿಗಾಲು, ಕಾದ ನೆಲ. ಹೊಂಗೆಯ ನೆರಳಿಗೆ ಬಂದು, ಎಲ್ಲರಿಂದ ದೂರವಾಗಿ ಕಲ್ಲುಚಪ್ಪಡಿಯ ಮೇಲೆ ಕೂತು ಉಸಿರು ತೆಗೆದುಕೊಂಡರು. ಮಕ್ಕಳೆಲ್ಲ ಗಪ್ಪಾದರು.

ಡ್ರೈವರು ಮಾತ್ರ ಸುಮ್ಮನಿರಲಿಲ್ಲ. ಈಗ ಅವಳಿಗೆ ಕನ್ನಡ ಬರುತ್ತಿತ್ತು. "ಅಜ್ಜೀ, ಯಾವೂರಿಗೆ ಹೋಗ್ಬೇಕು?"

ಅಜ್ಜಿ ಅವಳನ್ನು ನೋಡಿದರು. ಉತ್ತರ ಕೊಟ್ಟದ್ದು ಹುಡುಗ: "ನಮ್ಮಜ್ಜಿ ಯಾವಾಗ್ಲೂ ತಿರುಪತಿಗೆ ಹೋಗ್ಬೇಕು ಅಂತಿರ್ತಾಳೆ."

"ತಿರುಪತಿ ಸ್ಟೇಷನ್ ಇಲ್ವಲ್ಲ?"

"ಮಾಡೋಣ."

ಹುಣಸೆ ಮನೆಯವರು ಹೆಂಚಿನ ಸುತ್ತ ಕುಕ್ಕರಗಾಲಲ್ಲಿ ಕೂತರು. ನಾನು ಹತ್ತಿರ ಹೋಗಲಿಲ್ಲ. ಹುಡುಗ 'ತಿ' ಬರೆದ. 'ರು' ಎಲ್ಲಿಂದ ತರುವುದೆಂದು ಜಗಳವಾಯಿತು. ಯಾರೋ ಒಬ್ಬ ಮಾಲೂರಿನ ಕೊನೆಯಲ್ಲಿ ಇದೆಯಲ್ಲ ಎಂದ, ಓಡಿ ಹೋಗಿ ಆ ಹೆಂಚು ತಂದು ನೋಡಿ ಬರೆದ. ಆಮೇಲೆ ನಿಂತುಹೋಯಿತು. ಇದ್ದಿಲು ಹಿಡಿದಿದ್ದವನು 'ಪ' ಬರುವುದಿಲ್ಲವೆಂದು ತಲೆ ಕೆರೆದುಕೊಂಡ. ಆ ಹುಡುಗಿ ಅವನ ಕೈಯಿಂದ ಇದ್ದಿಲು ಕಿತ್ತುಕೊಂಡು, "ಪಿಲ್ಲಿದು ಕಣೋ!" ಎಂದು ಬರೆದೇಬಿಟ್ಟಳು. ಪಿಲ್ಲಿಯ ಗುಡಿಸನ್ನೂ ಸೇರಿಸಿ ಬರೆದಿದ್ದಳು, ಇನ್ನೊಬ್ಬ ಅದನ್ನು ಒರೆಸಿ ತಲೆಕಟ್ಟು ಹಾಕಿದ. ಕೊನೆಯ 'ತಿ'ಯನ್ನು ಮೊದಲನೆಯದನ್ನು ನೋಡಿಕೊಂಡು ಬಳೆಗಾರರ ಮಗ ಬರೆದ. ಅಕ್ಷರಗಳು ಒಂದೊಂದು ಒಂದೊಂದು ಗಾತ್ರ.

ಹುಡುಗ ಹೆಂಚನ್ನು ಎತ್ತಿಕೊಂಡು ಅಜ್ಜಿಯ ಮುಂದೆ ಹಿಡಿದ. ಅಜ್ಜಿಗೆ ಓದು ಬರುತ್ತಿರಲಿಲ್ಲ.

"ಏನೋ ಇದು?"

"ತಿರುಪತಿ."

"ನೀನೊಬ್ಬನೇ ಬರೆದ್ಯಾ?"

"ಇಲ್ಲ. ನಂಗೆ ಇದು ಬರ್ತಿತ್ತು. ಇದು ಅವಳು. ಇದು ಅವನು."

ಅಜ್ಜಿ ಹೆಂಚನ್ನು ಮುಟ್ಟಲಿಲ್ಲ, ಆದರೆ ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, "ನಡಿ, ಮೊಣಕಾಲಿಗೆ ಅರಿಶಿನ ಹಚ್ಚಬೇಕು" ಎಂದು ಅವನನ್ನು ಕರೆದುಕೊಂಡು ಹೋದರು. ಮುಗಿಯಿತು, ಇನ್ನು ಅವನು ಬರುವುದಿಲ್ಲ ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಅವನು ಮನೆಯ ಮುಂಬಾಗಿಲಿನಿಂದಲೇ ಬಂದ. "ಅಜ್ಜಿ ಹೇಳಿದ್ಲು, ಬೇಸಿಗೇಲಿ ನೀರು ಹುಯ್ಕೊಂಡ್ರೆ ಜ್ವರ ಬರಲ್ವಂತೆ. ದಿನಾ ಮನೆಗೆ ಹೋದ ತಕ್ಷಣ ಸ್ನಾನ. ಕುಡಿಯೋಕೆ ನಂದೇ ಚೊಂಬು" ಎಂದು ಪಾಠ ಒಪ್ಪಿಸುವಂತೆ ಹೇಳಿದ. ಆಮೇಲೆ ನೆನಪಾಗಿ, "ಕೋಣೆ ಖಾಲಿ ಬಿಟ್ರೆ ಹಾವು ಸೇರ್ಕೊಳ್ಳುತ್ತಂತೆ. ನಿಮಗೆ ಹೇಳು ಅಂದ್ಲು" ಎಂದ.

ನಾನು ಆ ಸಂಜೆಯೇ ವಾಪಸು ಹೋದೆ. ಬಾವಿಯ ಹತ್ತಿರ ನೀರು ಹೊಯ್ದುಕೊಂಡು, ಸೀರೆ ಬದಲಾಯಿಸಿ ಒಳಗೆ ಹೋದೆ. ನಡೆದದ್ದರ ಬಗ್ಗೆ ಅಜ್ಜಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರು ತಮ್ಮ ನೇಮಗಳಲ್ಲಿ ಒಂದನ್ನೂ ಬಿಟ್ಟವರಲ್ಲ. ಕೊನೆಯ ತನಕ ಹಾಗೇ ಇದ್ದರು. ಅದರೊಳಗೇ ಒಂದು ದಾರಿ ಮಾಡಿಕೊಟ್ಟರು, ಅಷ್ಟೆ. ಅಷ್ಟಾದರೂ ಆಯಿತಲ್ಲ ಎಂದು ಆಗ ಸಮಾಧಾನಪಟ್ಟುಕೊಂಡೆ. ಆ ಹುಡುಗಿಯ "ಯಾಕೆ?" ಎಂಬ ಪ್ರಶ್ನೆ ನೆನಪಾದಾಗ ಮಾತ್ರ ಆ ಸಮಾಧಾನ ಉಳಿಯುತ್ತಿರಲಿಲ್ಲ.

ಆ ಮಕ್ಕಳು ಪಾಸಾಗಿ ಒಳಗೆ ಹಾಲಿಗೆ ಹೋದರು. ಸಾಲಾಗಿ ಕೂತರೂ ಒಬ್ಬರನ್ನು ಕೇಳಿದರೆ ನಾಲ್ಕು ಜನ ಸೇರಿ ಉತ್ತರ ಕೊಡುತ್ತಾರೆ ಎಂದು ಹೆಡ್ ಮೇಷ್ಟರು ದೂರು ಹೇಳುತ್ತಿದ್ದರು. ಕೆಲವು ತಿಂಗಳ ನಂತರ ಒಂದು ದಿನ ಸೀಮೆಸುಣ್ಣದ ಕಡ್ಡಿ ಕೇಳಲು ಒಳಗೆ ಹೋದೆ. ದೊಡ್ಡ ಹುಡುಗರೆಲ್ಲ ನೆಲದ ಮೇಲೆ ಗುಂಪು ಗುಂಪಾಗಿ ಕೂತು ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಮೇಷ್ಟರಿಗೆ ಸಂಕೋಚವಾಯಿತು. "ನನ್ನ ಗಂಟಲಿಗೆ ಸ್ವಲ್ಪ ಬಿಡುವಾಗ್ಲಿ ಅಂತ" ಎಂದರು.

ಆ ಹುಡುಗಿ ನಾಲ್ಕನೆಯ ತರಗತಿಯ ತನಕ ಓದಿದಳು. ಕೇರಿಯಿಂದ ಅಷ್ಟು ಓದಿದ ಹೆಣ್ಣುಮಗು ಅವಳೇ ಮೊದಲು. ಮುಂದೆ ಮುಳಬಾಗಿಲಿಗೆ ಕಳಿಸಿ ಎಂದು ಅವಳ ಅಪ್ಪನಿಗೆ ಹೇಳಿದೆ. ಅಷ್ಟು ದೂರ ಹೆಣ್ಣುಮಗುವನ್ನು ಹೇಗೆ ಕಳಿಸಲಿ ಎಂದ. ಹುತ್ತೂರಿನ ಕಡೆ ಮದುವೆ ಮಾಡಿಕೊಟ್ಟರು. ಅಲ್ಲಿ ರೇಷ್ಮೆ ಹುಳು ಸಾಕುವವರ ಮನೆಗೆ ಕೆಲಸಕ್ಕೆ ಹೋಗುತ್ತಿದ್ದಾಳೆ, ಸುತ್ತಲಿನವರ ಕಾಗದ ಓದಿ ಹೇಳುತ್ತಾಳೆ ಎಂದು ಕೇಳಿದ್ದೆ. ಹುಡುಗ ಕೋಲಾರಕ್ಕೆ ಹೈಸ್ಕೂಲಿಗೆ ಹೋದ.

ಯುದ್ಧದ ನಡುವೆ, ಸೀಮೆಎಣ್ಣೆ ಸಿಗದೆ ಊರೆಲ್ಲ ಬೇಗ ಮಲಗುತ್ತಿದ್ದ ಕಾಲದಲ್ಲಿ, ನನಗೆ ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನ ಹತ್ತಿರಕ್ಕೆ ವರ್ಗವಾಯಿತು. ಅಲ್ಲಿ ಸುತ್ತ ಮಾವಿನ ತೋಪು. ಸ್ಕೂಲಿಗೆ ಹೋದ ದಿನ ಚಿಕ್ಕ ಮಕ್ಕಳು ಗೋಡೆಯುದ್ದಕ್ಕೂ ಸಾಲಾಗಿ, ಕೈಕಟ್ಟಿ, ಬಾಯಿಮುಚ್ಚಿ ಕೂತಿದ್ದರು. ಪುಸ್ತಕ ತೆರೆಯದೆ, ಯಾರ ಯಾರ ಮನೆಯಲ್ಲಿ ಯಾವ ಮಾತು ಆಡುತ್ತೀರಿ ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ ಮೂಲೆಯಲ್ಲಿದ್ದ ಒಬ್ಬ ಸಣ್ಣ ಹುಡುಗ ಎದ್ದು ನಿಂತ.

"ನಮ್ಮಮ್ಮ ತೆಲುಗು ಮಾತಾಡ್ತಾಳೆ ಟೀಚರಮ್ಮಾ. ನಮ್ಮಪ್ಪ ಮಾತೇ ಆಡಲ್ಲ."

ಅವನ ಪಕ್ಕದವಳು ಕಿಸಕ್ಕನೆ ನಕ್ಕಳು. ಅವಳನ್ನು ನೋಡಿ ಇನ್ನೊಬ್ಬ. ನಾನು ಆ ಮೂವರನ್ನೂ ಎಬ್ಬಿಸಿ, ಚಾಪೆ ತೆಗೆದುಕೊಂಡು ಹೊರಗೆ ಮಾವಿನ ಮರದಡಿಗೆ ಬನ್ನಿ ಎಂದೆ.